ಕ್ಯಾಡ್ ಸೆಂಟರಾ, ಟೂಲ್ ರೂಮಾ, ಮನೆಯಲ್ಲೇ ಕೂತಾ? ಮೈಸೂರು–ಮಂಡ್ಯದಲ್ಲಿ ಮೆಕ್ಯಾನಿಕಲ್ ಡಿಸೈನ್ ಕಲಿಯುವವರಿಗೆ

ಡಿಪ್ಲೊಮಾನೋ ಬಿಇನೋ ಮುಗಿಸಿದವರು ಕೇಳುವ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ. "ಸಾರ್, ಸಾಲಿಡ್‌ವರ್ಕ್ಸ್ ಕಲೀಲಾ, ಕ್ಯಾಟಿಯಾ ಕಲೀಲಾ?" ಎರಡೂ ಡಿಸೈನ್ ಸಾಫ್ಟ್‌ವೇರ್‌ಗಳೇ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತೆ. ಮೊದಲು ಕೇಳಬೇಕಾದ್ದು ಇದು: ನಾನು ಬರೆದ ಡ್ರಾಯಿಂಗನ್ನು ಅಲ್ಲಿ ಯಾರು ಓದುತ್ತಾರೆ? ಓದಿ, ಇದು ಮಾಡೋಕೆ ಆಗಲ್ಲ ಕಣಪ್ಪಾ ಅಂತ ಹೇಳುವವರು ಇದ್ದಾರಾ?

ನಮ್ಮ ಕಡೆ ಕಲಿಯುವ ದಾರಿಗಳು ಕಮ್ಮಿಯೇನಿಲ್ಲ. ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡೋದನ್ನ ಕಲಿಸುವ ಖಾಸಗಿ ಸೆಂಟರ್‌ಗಳಿವೆ. ಡೈ, ಅಚ್ಚು ತಯಾರಿಸುವ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ ಇದೆ. ಮೈಸೂರಿನ ಹೆಬ್ಬಾಳದಲ್ಲಿ ಪ್ಲಾಸ್ಟಿಕ್ ಕೆಲಸ ಕಲಿಸುವ ಸಿಪೆಟ್ ಇದೆ. ಪಾಲಿಟೆಕ್ನಿಕ್, ಐಟಿಐ, ಇಂಜಿನಿಯರಿಂಗ್ ಕಾಲೇಜುಗಳಿವೆ. ಮನೆಯಲ್ಲೇ ಕೂತು ಕಲಿಯುವ ದಾರಿಯಿದೆ, ಫ್ಯಾಕ್ಟರಿಗೆ ಅಪ್ರೆಂಟಿಸ್ ಆಗಿ ಸೇರಿ ಕಲಿಯುವ ದಾರಿಯೂ ಇದೆ. ಇವನ್ನೆಲ್ಲ ಮೇಲಿನ ಒಂದೇ ಪ್ರಶ್ನೆಯಿಂದ ಅಳೆದು ನೋಡೋಣ.

ಮೊದಲು ಒಂದು ಬೇರಿಂಗ್ ಹೌಸಿಂಗ್

"ಅಡ್ವಾನ್ಸ್ಡ್" ಅಂತ ಬೋರ್ಡ್ ಮೇಲೆ ಬರೆದಿರುತ್ತಾರಲ್ಲ, ಅದು ಏನು ಅನ್ನೋದು ಒಂದು ಪಾರ್ಟ್ ಹಿಡಿದುಕೊಂಡು ನೋಡಿದರೆ ಬೇಗ ಗೊತ್ತಾಗುತ್ತೆ.

6205 ಬೇರಿಂಗ್ ತಗೊಳ್ಳಿ. ಒಳಗಿನ ವ್ಯಾಸ 25 ಮಿ.ಮೀ., ಹೊರಗಿನದು 52, ಅಗಲ 15. ಯಾವ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಸಿಗುವ ಸೈಜು. ಇಂಥ ಎರಡು ಬೇರಿಂಗ್ ಕೂರುವ ಒಂದು ಹೌಸಿಂಗ್ ಡಿಸೈನ್ ಮಾಡಿ ಅಂತ ಹೊಸಬರಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಚೆಂದದ 3ಡಿ ಮಾಡೆಲ್ ಬರುತ್ತೆ. ಎರಡೂ ತುದಿಯಲ್ಲಿ 52ರ ಬೋರ್ (ತೂತು), ನಡುವೆ ಬೇರಿಂಗ್ ಆನಿಕೊಳ್ಳಲು ಒಂದು ಶೋಲ್ಡರ್. ಡ್ರಾಯಿಂಗ್‌ನಲ್ಲಿ 52 ±0.1 ಅಂತ ಡೈಮೆನ್ಷನ್. ನೋಡೋಕೆ ಎಲ್ಲಾ ಸರಿಯಾಗೇ ಇದೆ.

ಈಗ ಅದನ್ನು ಲೇತ್ ಮುಂದೆ ನಿಂತವರ ಕೈಗೆ ಕೊಡಿ. ±0.1 ಅಂದರೆ ಬೋರ್ 51.9 ಆದರೂ ಪಾಸು, 52.1 ಆದರೂ ಪಾಸು. ಮೊದಲನೆಯದರಲ್ಲಿ ಬೇರಿಂಗ್ ಒಳಗೇ ಹೋಗಲ್ಲ. ಎರಡನೆಯದರಲ್ಲಿ ಲೊಡಲೊಡ ಅಂತ ಹೊರಗಿನ ರಿಂಗೇ ತಿರುಗುತ್ತೆ. ಇಲ್ಲಿ ಬರೆಯಬೇಕಾದ್ದು ಸಾಮಾನ್ಯವಾಗಿ 52 H7, ಅಂದರೆ 52.000ದಿಂದ 52.030. ಶಾಫ್ಟಿಗೆ 25 k6 ಕೊಟ್ಟರೆ 25.002ರಿಂದ 25.015. ಹತ್ತರಿಂದ ಮೂವತ್ತು ಮೈಕ್ರಾನ್ ಆಟ ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು).

ಎರಡನೇದು ಶೋಲ್ಡರಿನ ಮೂಲೆ. ಟೂಲ್ ತುದಿಯಲ್ಲಿ ರೇಡಿಯಸ್ ಇರುವುದರಿಂದ ಮೂಲೆಯೂ ದುಂಡಗೆ ಬರುತ್ತೆ. 6205ರ ಅಂಚಿನ ಕನಿಷ್ಠ ಚಾಂಫರ್ (ಸವರಿದ ಅಂಚು) 1 ಮಿ.ಮೀ. ಮೂಲೆಯ ರೇಡಿಯಸ್ ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಶೋಲ್ಡರಿಗೆ ಆನಿಕೊಳ್ಳದೆ ರೇಡಿಯಸ್ ಮೇಲೇ ಹತ್ತಿ ಕೂರುತ್ತೆ. ಡ್ರಾಯಿಂಗ್‌ನಲ್ಲಿ ಚಿಕ್ಕ ರೇಡಿಯಸ್ ಬರೆಯಬೇಕು, ಇಲ್ಲ ಮೂಲೆಯಲ್ಲಿ ಅಂಡರ್‌ಕಟ್, ಅಂದರೆ ಸಣ್ಣ ಕಚ್ಚು ಕೊಡಬೇಕು.

ಮೂರನೇದು ಎಲ್ಲಕ್ಕಿಂತ ಮುಖ್ಯ. ನಡುವೆ ಶೋಲ್ಡರ್ ಇದ್ದರೆ ಒಂದು ಕಡೆ ಬೋರ್ ಮಾಡಿ, ಜಾಬ್ ಬಿಚ್ಚಿ, ತಿರುಗಿಸಿ ಕಟ್ಟಿ ಇನ್ನೊಂದು ಕಡೆ ಬೋರ್ ಮಾಡಬೇಕು. ತಿರುಗಿಸಿ ಕಟ್ಟಿದಾಗ ಎರಡು ಬೋರಿನ ಸೆಂಟರ್ ಒಂದೇ ಗೆರೆಯಲ್ಲಿ ಬರುವುದು ಕಷ್ಟ. ಡಯಲ್ ಗೇಜ್ ಇಟ್ಟು ಎಷ್ಟು ಹೊತ್ತು ಕುಟ್ಟಿದರೂ ಸ್ವಲ್ಪ ಹೆಚ್ಚು ಕಮ್ಮಿ ಉಳಿಯುತ್ತೆ. ಅದೇ ಶೋಲ್ಡರ್ ತೆಗೆದು, ಆ ತುದಿಯಿಂದ ಈ ತುದಿಗೆ ಒಂದೇ ಬೋರ್ ಕೊಟ್ಟು, ಬೇರಿಂಗ್ ತಡೆಯೋಕೆ ಸರ್ಕ್ಲಿಪ್ (ಸ್ಪ್ರಿಂಗ್ ರಿಂಗ್) ಕೂರುವ ಗ್ರೂವ್ ಕೊಟ್ಟರೆ? ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಸೀಟ್ ಮುಗಿಯುತ್ತೆ. ಸೆಂಟರ್ ತಾನಾಗೇ ಸೇರುತ್ತೆ, ಖರ್ಚೂ ಕಮ್ಮಿ. ಅಕ್ಷದ ದಿಕ್ಕಿನಲ್ಲಿ ಲೋಡ್ ಜಾಸ್ತಿ ಇದ್ದು ಸರ್ಕ್ಲಿಪ್ ಸಾಲದು ಅನ್ನುವ ಕಡೆ ಶೋಲ್ಡರ್ ಇಟ್ಟುಕೊಳ್ಳಬೇಕಾಗುತ್ತೆ. ಆಗ ಒಂದು ಬೋರನ್ನು ಡೇಟಮ್ (ಅಳತೆಗೆ ಆಧಾರ) ಮಾಡಿ, ಇನ್ನೊಂದಕ್ಕೆ ಇಷ್ಟು ಕೋಆಕ್ಸಿಯಾಲಿಟಿ (ಒಂದೇ ಸೆಂಟರ್ ಗೆರೆ) ಬೇಕು ಅಂತ ಬರೆದು, ಅದರ ಖರ್ಚು ಒಪ್ಪಿಕೊಳ್ಳಬೇಕು.

ಸಾಫ್ಟ್‌ವೇರ್ ಈ ಮೂರರಲ್ಲಿ ಒಂದನ್ನೂ ತಾನಾಗಿ ಹೇಳಲ್ಲ. ಮಾಡೆಲ್ ಕೆಂಪಗಾಗಲ್ಲ, ಎರರ್ ಬರಲ್ಲ. ಹೇಳುವವರು ಲೇತ್ ನಡೆಸುವ ಟರ್ನರ್. ಡ್ರಾಯಿಂಗ್ ಕೈಗೆ ತಗೊಂಡ ಕೂಡಲೇ ಅವರು ಕೇಳೋದು, "ಇದನ್ನ ಹಿಡಿಯೋದು ಎಲ್ಲಿ ಸಾರ್?" ಅಂತ. ಈ ಪ್ರಶ್ನೆ ನಿಮ್ಮ ಕಿವಿಗೆ ಬೀಳುವ ಜಾಗದಲ್ಲಿ ಕಲಿಯಿರಿ ಅನ್ನೋದೇ ನನ್ನ ಮಾತು.

ಖಾಸಗಿ ಕ್ಯಾಡ್ ಸೆಂಟರ್

ಊರಿನೊಳಗೇ ಸಿಗುತ್ತೆ. ಸಂಜೆ ಬ್ಯಾಚ್ ಇರುತ್ತೆ, ವಾರಾಂತ್ಯದ ಬ್ಯಾಚ್ ಇರುತ್ತೆ. ಕಂಪ್ಯೂಟರ್ ಇರುತ್ತೆ, ಪಕ್ಕದಲ್ಲಿ ಕೂತು ಹೇಳಿಕೊಡುವವರೂ ಇರುತ್ತಾರೆ. ಕಮಾಂಡ್‌ಗಳು ಬೇಗ ಕೈಗೆ ಬರಬೇಕು ಅಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಬಹಳ ಕಡೆ ಕೋರ್ಸು ಅಲ್ಲಿಗೇ ನಿಂತುಬಿಡುತ್ತೆ. ಪುಸ್ತಕದಲ್ಲಿರುವ ಅಭ್ಯಾಸಗಳನ್ನು ಒಂದೊಂದಾಗಿ ಮಾಡೆಲ್ ಮಾಡಿಸುತ್ತಾರೆ. ಅಸೆಂಬ್ಲಿ, ಆನಿಮೇಶನ್, ಮೇಲಿಂದ ಒಂದು ರೆಂಡರ್. ಡ್ರಾಯಿಂಗ್ ಶೀಟಿಗೆ ಕೊನೆಯ ಎರಡು ಕ್ಲಾಸು. ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚು ಕಮ್ಮಿ ಆದರೂ ನಡೆಯುತ್ತೆ ಅನ್ನೋದು, ಬಂದರೆ ಪುಣ್ಯ. ಹೇಳಿಕೊಡುವವರೇ ಕೋರ್ಸ್ ಮುಗಿಸಿ ಅಲ್ಲೇ ಸೇರಿಕೊಂಡವರಾದರೆ ಕಷ್ಟ. ಅವರ ತಪ್ಪಲ್ಲ, ಪಾಪ. ಅವರ ಡ್ರಾಯಿಂಗನ್ನೂ ಯಾರೂ ಓದಿರುವುದಿಲ್ಲ.

ದುಡ್ಡು ಕಟ್ಟುವ ಮೊದಲು ಡೆಮೊ ಕ್ಲಾಸಿಗೆ ಹೋಗಿ. ಮೇಲಿನ ಬೇರಿಂಗ್ ಹೌಸಿಂಗ್ ಪ್ರಶ್ನೆಯನ್ನೇ ಕೇಳಿ: "ಸಾರ್, 52ರ ಬೋರಿಗೆ ಟಾಲರೆನ್ಸ್ ಎಷ್ಟು ಕೊಡಬೇಕು, ಯಾಕೆ?" ಮೇಷ್ಟ್ರು ಬೋರ್ಡಿಗೆ ಹೋಗಿ ಚಿತ್ರ ಬರೆದು ವಿವರಿಸಿದರೆ ಸೇರಬಹುದು. "ಅದೆಲ್ಲ ಕಂಪನಿಯಲ್ಲಿ ಹೇಳಿಕೊಡ್ತಾರೆ" ಅಂದರೆ ನಮಸ್ಕಾರ ಹೇಳಿ ಬನ್ನಿ. ಇನ್ನೊಂದು ಮಾತು. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಬೋರ್ಡ್ ಇದ್ದರೆ, ಹಿಂದಿನ ಬ್ಯಾಚಿನವರ ಇಬ್ಬರ ಜತೆ ಮಾತಾಡಿಸಿ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ, ದುಡ್ಡು ನಿಮ್ಮದು ಅಲ್ವಾ?

ಸಾಲಿಡ್‌ವರ್ಕ್ಸ್‌ನ ಸಿಎಸ್‌ಡಬ್ಲ್ಯುಎ, ಸಿಎಸ್‌ಡಬ್ಲ್ಯುಪಿ ಸರ್ಟಿಫಿಕೇಟ್‌ಗಳನ್ನು ಕೆಲವು ಕಡೆ ಒತ್ತಿ ಮಾಡಿಸುತ್ತಾರೆ. ಬಯೋಡೇಟಾದಲ್ಲಿ ಒಂದು ಸಾಲಿಗೆ ಒಳ್ಳೆಯದೇ. ಆದರೆ ಆ ಪರೀಕ್ಷೆಗಳು ಮುಖ್ಯವಾಗಿ ನೋಡುವುದು ಮಾಡೆಲಿಂಗ್ ಕೈಚಳಕ. ಪಾರ್ಟ್ ಮಾಡೋಕೆ ಆಗುತ್ತಾ ಇಲ್ವಾ ಅನ್ನೋದು ಅಲ್ಲಿ ಬರಲ್ಲ.

ಜಿಟಿಟಿಸಿ

ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್ 1972ರಲ್ಲಿ ಬೆಂಗಳೂರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಶುರುವಾದ ಸಂಸ್ಥೆ. ಮೈಸೂರಿನ ಕೇಂದ್ರ ಮೇಟಗಳ್ಳಿ ಕಡೆ ಇದೆ, ಮಂಡ್ಯ ಜಿಲ್ಲೆಯವರಿಗೆ ಮದ್ದೂರಲ್ಲೂ ಒಂದಿದೆ. ಹೆಸರಲ್ಲೇ ಇರುವ ಹಾಗೆ ಇದು ಟೂಲ್ ರೂಮೂ ಹೌದು, ಶಾಲೆಯೂ ಹೌದು. ಹೊರಗಿನ ಕಂಪನಿಗಳ ಡೈ, ಮೋಲ್ಡ್, ಫಿಕ್ಸ್‌ಚರ್ ಕೆಲಸ ನಡೆಯುವ ಸೂರಿನಡಿಯಲ್ಲೇ ಕಲಿಕೆಯೂ ನಡೆಯುತ್ತೆ. ನನ್ನ ಅಳತೆಗೋಲಿಗೆ ಈ ಊರಲ್ಲಿ ಚೆನ್ನಾಗಿ ಹೊಂದುವ ಜಾಗ ಇದೇ.

ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಮೂರು ವರ್ಷ ಕಲಿಕೆ, ಮೇಲೊಂದು ವರ್ಷ ಫ್ಯಾಕ್ಟರಿಯಲ್ಲಿ ತರಬೇತಿ. ಫೈಲ್ ಹಿಡಿದು ಉಜ್ಜುವುದರಿಂದ ಶುರು ಮಾಡಿಸುತ್ತಾರೆ. ಬೇಜಾರಾಗುತ್ತೆ, ಕೈ ಬೊಬ್ಬೆ ಬರುತ್ತೆ. ಆದರೆ ಒಂದು ಮುಖವನ್ನು ಚೌಕವಾಗಿ ತರೋಕೆ ಎಷ್ಟು ಹೊತ್ತು ಬೇಕು ಅಂತ ಕೈಗೆ ಗೊತ್ತಾದವರು, ಮುಂದೆ ಡಿಸೈನಿಗೆ ಕೂತಾಗ ಬೇಡದ ಕಡೆ 0.01 ಟಾಲರೆನ್ಸ್ ಬರೆಯಲ್ಲ. ಈಗಾಗಲೇ ಡಿಪ್ಲೊಮಾ, ಬಿಇ ಆದವರಿಗೆ ಕ್ಯಾಡ್, ಜತೆಗೆ ಕಂಪ್ಯೂಟರ್ ಮೂಲಕ ಮಷೀನ್ ಓಡಿಸುವ ಕ್ಯಾಮ್, ಸಿಎನ್‌ಸಿ ವಿಷಯಗಳ ಕಡಿಮೆ ಅವಧಿಯ ಕೋರ್ಸ್‌ಗಳೂ ಇವೆ.

ಕಷ್ಟವೂ ಇದೆ. ದೊಡ್ಡ ಡಿಪ್ಲೊಮಾಗೆ ನಾಲ್ಕು ವರ್ಷ ಬೇಕು. ಶಿಸ್ತು ಬಿಗಿ. ಕಡಿಮೆ ಅವಧಿಯ ಕೋರ್ಸಿಗೆ ಸೇರುವವರು ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು: ನಮ್ಮನ್ನು ಶಾಪ್ ಫ್ಲೋರಿಗೆ ಬಿಡ್ತೀರಾ, ಇಲ್ಲ ಕಂಪ್ಯೂಟರ್ ಲ್ಯಾಬಲ್ಲೇ ಕೂರಿಸ್ತೀರಾ? ಲ್ಯಾಬ್ ಮಾತ್ರ ಆದರೆ ಅಷ್ಟು ದೂರ ಹೋಗುವ ಲಾಭ ಅರ್ಧ ಹೋಯಿತು.

ಸಿಪೆಟ್: ಪ್ಲಾಸ್ಟಿಕ್ ಬೇಕು ಅನ್ನುವವರಿಗೆ

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಸಿಪೆಟ್ ಕೇಂದ್ರ ಸರ್ಕಾರದ್ದು. ಇದರ ಮೂಲ ಸಂಸ್ಥೆ ಚೆನ್ನೈಯಲ್ಲಿ 1968ರಲ್ಲಿ ಶುರುವಾಯಿತು. ಮೆಕ್ಯಾನಿಕಲ್ ಡಿಪ್ಲೊಮಾ ಆದವರಿಗೆ ಪ್ಲಾಸ್ಟಿಕ್ ಮೋಲ್ಡ್ ಡಿಸೈನ್ ವಿತ್ ಕ್ಯಾಡ್/ಕ್ಯಾಮ್ ಅನ್ನುವ ಒಂದೂವರೆ ವರ್ಷದ ಪೋಸ್ಟ್ ಡಿಪ್ಲೊಮಾ ಸಿಪೆಟ್‌ನಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ಸೇರೋಕೆ ಪ್ರವೇಶ ಪರೀಕ್ಷೆ ಬರೆಯಬೇಕು.

ಉತ್ಪಾದನೆಗೆ ತಕ್ಕ ಡಿಸೈನ್ ಅನ್ನೋದು ಪ್ಲಾಸ್ಟಿಕ್‌ನಲ್ಲಿ ಕಣ್ಣಿಗೆ ಹೊಡೆದು ಕಾಣುತ್ತೆ. ಗೋಡೆಗೆ ಒಂದು ಡಿಗ್ರಿಯಾದರೂ ಡ್ರಾಫ್ಟ್ (ಓರೆ) ಕೊಡದಿದ್ದರೆ ಪಾರ್ಟ್ ಅಚ್ಚಿನಿಂದ ಸಲೀಸಾಗಿ ಬಿಡಲ್ಲ, ಮೈಯೆಲ್ಲ ಗೀರು. ರಿಬ್ ದಪ್ಪ ಗೋಡೆಯ ದಪ್ಪದ ಅರ್ಧದಿಂದ ಶೇಕಡಾ 60ರೊಳಗೆ ಇರಬೇಕು. ಮೀರಿದರೆ ಆಚೆ ಬದಿಯಲ್ಲಿ ಕುಳಿ ಬೀಳುತ್ತೆ, ಅದನ್ನೇ ಸಿಂಕ್ ಮಾರ್ಕ್ ಅನ್ನೋದು. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ಎರಡೂ ಒಂದೇ ಹೊತ್ತಿಗೆ ಆರಲ್ಲ, ಪಾರ್ಟ್ ಸೊಟ್ಟಗಾಗುತ್ತೆ. ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬವನ್ನೋ ಸ್ಟೂಲನ್ನೋ ಮಗುಚಿ ನೋಡಿ, ಇದೆಲ್ಲ ಕಾಣುತ್ತೆ.

ಇದರ ಮಿತಿಯೂ ಸ್ಪಷ್ಟ. ಶೀಟ್ ಮೆಟಲ್, ಮಷೀನಿಂಗ್, ಕಾಸ್ಟಿಂಗ್ ಕಡೆ ಹೋಗುವ ಆಸೆ ಇದ್ದವರಿಗೆ ಇದು ಪಕ್ಕದ ದಾರಿ. ಮೋಲ್ಡ್ ಡಿಸೈನರ್ ಆಗ್ತೀನಿ ಅಂತ ಮನಸ್ಸು ಗಟ್ಟಿ ಮಾಡಿದವರು ಮಾತ್ರ ಹೋಗಲಿ.

ಕಾಲೇಜು, ಪಾಲಿಟೆಕ್ನಿಕ್, ಐಟಿಐ

ಇದನ್ನು ಬೇಗ ಮುಗಿಸುತ್ತೇನೆ. ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಹಳೆಯ, ಹೆಸರಿರುವ ಕಾಲೇಜುಗಳು. ಅಲ್ಲಿ ಸಿಗುವುದು ಡಿಗ್ರಿ ಮತ್ತು ತಳಪಾಯ: ಮೆಟೀರಿಯಲ್, ಸ್ಟ್ರೆಂತ್, ಮಷೀನ್ ಡಿಸೈನ್. ಡ್ರಾಯಿಂಗ್ ಅನ್ನುವುದು ಸಿಲಬಸ್‌ನಲ್ಲಿ ಒಂದೆರಡು ಪೇಪರ್ ಅಷ್ಟೇ. ಬರೀ ಅದನ್ನು ನಂಬಿ ಹೊರಗೆ ಬಂದರೆ ಮೇಲಿನ ಹೌಸಿಂಗ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಐಟಿಐಯ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎರಡು ವರ್ಷದ ಟ್ರೇಡ್. ಜನ ಇದನ್ನು ಕೀಳಾಗಿ ನೋಡುತ್ತಾರೆ, ಯಾಕೋ ಗೊತ್ತಿಲ್ಲ. ವ್ಯೂ, ಸೆಕ್ಷನ್, ಡೈಮೆನ್ಷನ್ ಇವುಗಳ ಮೇಲೆ ಇಷ್ಟು ದಿನ ಕೂರಿಸಿ ಬರೆಸುವ ಕೋರ್ಸ್ ಇನ್ನೊಂದಿಲ್ಲ. ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೂ ಹೋಗಬಹುದು. ಹೀಗೆ ಮೆಟ್ಟಿಲು ಹತ್ತಿ ಬಂದವರ ಡ್ರಾಯಿಂಗ್ ನೋಡಿದ ಕೂಡಲೇ ಗೊತ್ತಾಗುತ್ತೆ.

ಮನೆಯಲ್ಲೇ ಕಲಿಯುವುದು

ಐಐಟಿ, ಐಐಎಸ್‌ಸಿಯವರು ನಡೆಸುವ ಎನ್‌ಪಿಟೆಲ್ ಪಾಠಗಳು ಬಿಟ್ಟಿ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಸು ಕಟ್ಟಿ ಪರೀಕ್ಷೆ ಬರೆಯಬೇಕು. ಡ್ರಾಯಿಂಗ್, ಮ್ಯಾನುಫ್ಯಾಕ್ಚರಿಂಗ್ ಪ್ರೋಸೆಸ್, ಮಷೀನ್ ಡಿಸೈನ್ ಎಲ್ಲದಕ್ಕೂ ಪಾಠಗಳಿವೆ.

ಸಾಫ್ಟ್‌ವೇರಿಗೂ ದುಡ್ಡು ಹಾಕಬೇಕಿಲ್ಲ. ಫ್ರೀಕ್ಯಾಡ್ ಪೂರ್ತಿ ಉಚಿತ. ಅದರ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು, ಈಗ ಕೆಲಸಕ್ಕೆ ಒದಗುವ ಮಟ್ಟಕ್ಕೆ ಬಂದಿದೆ. ಆಟೊಡೆಸ್ಕ್‌ನವರು ವಿದ್ಯಾರ್ಥಿಗಳಿಗೆ ಉಚಿತ ಲೈಸೆನ್ಸ್ ಕೊಡುತ್ತಾರೆ. ಆನ್‌ಶೇಪ್ ಬ್ರೌಸರ್‌ನಲ್ಲೇ ಓಡುತ್ತೆ, ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ಅನುಕೂಲ. ಆದರೆ ಅದರ ಉಚಿತ ಖಾತೆಯಲ್ಲಿ ಮಾಡಿದ್ದೆಲ್ಲ ಯಾರು ಬೇಕಾದರೂ ನೋಡುವಂತಿರುತ್ತೆ. ಕಂಪನಿಯ ಕೆಲಸವನ್ನು ಅಪ್ಪಿತಪ್ಪಿಯೂ ಅದರಲ್ಲಿ ಹಾಕಬೇಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ತಂಟೆಗೂ ಹೋಗಬೇಡಿ.

ಮನೆ ಕಲಿಕೆಯ ದೊಡ್ಡ ಕೊರತೆ ಗೊತ್ತೇ ಇದೆ: ಓದಿ ತಪ್ಪು ಹೇಳುವವರಿಲ್ಲ. ಇದಕ್ಕೆ ಒಂದು ಉಪಾಯವಿದೆ. ಗುಜರಿ ಅಂಗಡಿಯಿಂದ ಒಂದು ಹಳೇ ಪಂಪ್ ತನ್ನಿ. ಮಂಡ್ಯದ ಕಡೆಯವರಾದರೆ ತೋಟದ ಮನೆಯ ಮೂಲೆಯಲ್ಲೇ ಒಂದು ಬಿದ್ದಿರುತ್ತೆ. ಬಿಚ್ಚಿ, ತೊಳೆದು, ವರ್ನಿಯರ್ ಹಿಡಿದು ಒಂದೊಂದು ಪಾರ್ಟೂ ಅಳೆಯಿರಿ. ಡ್ರಾಯಿಂಗ್ ಬರೆಯಿರಿ. ಯಾವ ಮುಖ ಮಷೀನ್ ಮಾಡಿದ್ದಾರೆ, ಯಾವುದನ್ನು ಕಾಸ್ಟಿಂಗ್ ಆಗಿದ್ದ ಹಾಗೇ ಬಿಟ್ಟಿದ್ದಾರೆ, ಯಾಕೆ ಅಂತ ಯೋಚಿಸಿ. ಬೇಡದ ಕಡೆ ಒಂದು ರೂಪಾಯಿಯನ್ನೂ ಖರ್ಚು ಮಾಡಿರಲ್ಲ ಅನ್ನೋದು ತಿಳಿಯುತ್ತೆ. ಆಮೇಲೆ ಅದರ ಒಂದು ಸಣ್ಣ ಪಾರ್ಟಿನ ಡ್ರಾಯಿಂಗ್ ಹಿಡಿದುಕೊಂಡು ಹತ್ತಿರದ ಲೇತ್ ಅಂಗಡಿಗೆ ಹೋಗಿ ಮಾಡಿಸಿ. ಬಾಯಲ್ಲಿ ಏನೂ ವಿವರಿಸಬೇಡಿ, ಡ್ರಾಯಿಂಗ್ ಮಾತ್ರ ಕೊಡಿ. ಅವರು ಕೇಳಿದ ಒಂದೊಂದು ಪ್ರಶ್ನೆಯೂ ನೀವು ಶೀಟ್ ಮೇಲೆ ಬರೆಯದೆ ಬಿಟ್ಟದ್ದು. ಬರೆದುಕೊಂಡು ಬನ್ನಿ. ಬಿಲ್ಲು ಎಷ್ಟಾದರೂ ಯಾವ ಕೋರ್ಸ್ ಫೀಸಿಗಿಂತಲೂ ಕಮ್ಮಿಯೇ.

ಫ್ಯಾಕ್ಟರಿಗೆ ಸೇರಿ ಕಲಿಯುವುದು

ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ, ಬೆಳಗೊಳ, ಕೂರ್ಗಳ್ಳಿ, ಆಚೆ ನಂಜನಗೂಡು. ಬೆಮೆಲ್, ಆಟೋಮೋಟಿವ್ ಆಕ್ಸಲ್ಸ್‌ನಂಥ ದೊಡ್ಡವರಿಂದ ಹಿಡಿದು ನಾಲ್ಕು ಮಷೀನಿನ ಸಣ್ಣ ಶೆಡ್‌ವರೆಗೆ ಈ ಪಟ್ಟಿಯಲ್ಲಿ ಎಲ್ಲಾ ಥರದವರೂ ಇದ್ದಾರೆ. ಡಿಪ್ಲೊಮಾ, ಬಿಇ ಆದವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಸಿಗುತ್ತೆ. ಸ್ಟೈಪೆಂಡೂ ಬರುತ್ತೆ.

ದೊಡ್ಡದೋ ಸಣ್ಣದೋ ಅಂದರೆ, ಡಿಸೈನ್ ಕಲಿಯೋಕೆ ನನ್ನ ಓಟು ಸಣ್ಣ ಕಡೆಗೆ. ದೊಡ್ಡ ಫ್ಯಾಕ್ಟರಿಯಲ್ಲಿ ಶಿಸ್ತು, ಸ್ಟ್ಯಾಂಡರ್ಡ್, ಡ್ರಾಯಿಂಗ್ ಬದಲಾವಣೆಯ ಪದ್ಧತಿ ಎಲ್ಲಾ ಸರಿಯಾಗಿ ನೋಡಬಹುದು. ಆದರೆ ಅಪ್ರೆಂಟಿಸ್ ಹುಡುಗನನ್ನು ಒಂದೇ ಸೆಕ್ಷನ್‌ನಲ್ಲಿ ವರ್ಷಪೂರ್ತಿ ನಿಲ್ಲಿಸಿಬಿಡಬಹುದು. ಜಾಬ್ ಹಿಡಿಯುವ ಜಿಗ್, ಫಿಕ್ಸ್‌ಚರ್, ಒಂದೇ ಕೆಲಸಕ್ಕೆಂದು ಕಟ್ಟುವ ಮಷೀನ್ (ಎಸ್‌ಪಿಎಂ) ಮಾಡುವ ಸಣ್ಣ ಶೆಡ್‌ನಲ್ಲಿ ಬೆಳಗ್ಗೆ ಬರೆದ ಡ್ರಾಯಿಂಗ್ ಮಧ್ಯಾಹ್ನ ಮಿಲ್ಲಿಂಗ್ ಮಷೀನ್ ಮೇಲಿರುತ್ತೆ. ಪಾಕೆಟ್‌ನ ಒಳಮೂಲೆ ಚೂಪಾಗಿ ಬರೆದಿದ್ದರೆ ಆಪರೇಟರ್ ಅಲ್ಲಿಂದಲೇ ಕೂಗುತ್ತಾನೆ. 12ರ ಕಟರ್ ಹಾಕಿದರೆ ಮೂಲೆಯಲ್ಲಿ 6ಕ್ಕಿಂತ ಕಮ್ಮಿ ರೇಡಿಯಸ್ ಬರೋದೇ ಇಲ್ಲ. 6.5 ಅಂತ ಬರೆದರೆ ಕಟರ್ ಮೂಲೆಯಲ್ಲಿ ಸಿಕ್ಕಿ ಕಿರುಚದೆ ಸಲೀಸಾಗಿ ತಿರುಗುತ್ತೆ. ಇದನ್ನು ಒಂದು ಸಲ ಕೇಳಿಸಿಕೊಂಡರೆ ಜನ್ಮಕ್ಕೂ ಮರೆಯಲ್ಲ.

ಕಷ್ಟ ಏನಪ್ಪಾ ಅಂದರೆ ಸಂಬಳ ಕಮ್ಮಿ, ಮತ್ತು ಮಾಲೀಕರಿಗೆ ಗೊತ್ತಿದ್ದಷ್ಟೇ ನಿಮಗೂ ಗೊತ್ತಾಗುತ್ತೆ. ಇಪ್ಪತ್ತು ವರ್ಷದ ಹಿಂದಿನ ಅಭ್ಯಾಸದಲ್ಲೇ ಡ್ರಾಯಿಂಗ್ ಬರೆಯುವ ಶೆಡ್‌ಗಳು ಬೇಕಾದಷ್ಟಿವೆ. ಜಿಡಿ ಅಂಡ್ ಟಿ, ಅಂದರೆ ಆಕಾರ ಮತ್ತು ಜಾಗದ ಟಾಲರೆನ್ಸನ್ನು ಚಿಹ್ನೆಗಳಲ್ಲಿ ಬರೆಯುವ ಪದ್ಧತಿ, ಅಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ.

ಜಿಡಿ ಅಂಡ್ ಟಿ ಯಾವ ಸ್ಟ್ಯಾಂಡರ್ಡ್?

ಎಲ್ಲಿ ಕಲಿತರೂ ಇದನ್ನು ಬಿಡುವಂತಿಲ್ಲ. ಅಮೆರಿಕದ ಗಿರಾಕಿಗಳ ಕೆಲಸ ಮಾಡುವ ಕಡೆ ಎಎಸ್‌ಎಂಇ ವೈ14.5 ನಡೆಯುತ್ತೆ, ಈಗಿನ ಆವೃತ್ತಿ 2018ರದು. ಯುರೋಪಿನ ಕೆಲಸಕ್ಕೆ ಐಎಸ್‌ಒ 1101 ಮತ್ತು ಅದರ ಬಳಗ. ಚಿಹ್ನೆಗಳು ಬಹುಪಾಲು ಒಂದೇ ಥರ ಕಾಣುವುದರಿಂದ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ಎಎಸ್‌ಎಂಇಯಲ್ಲಿ ಶಾಫ್ಟಿನ ಸೈಜ್ ಮಿತಿಯೇ ಅದರ ಆಕಾರವನ್ನೂ ಹಿಡಿದಿಡುತ್ತೆ. ಅತಿ ದಪ್ಪ ಇರುವಾಗ ಅದು ನೆಟ್ಟಗೇ ಇರಬೇಕು. ಐಎಸ್‌ಒದಲ್ಲಿ ಬೇರೇನೂ ಬರೆಯದಿದ್ದರೆ ಸೈಜ್ ಬೇರೆ, ಆಕಾರ ಬೇರೆ. ಎಲ್ಲಾ ಕಡೆ ಮೈಕ್ರೋಮೀಟರ್‌ಗೆ ಸರಿಯಾಗಿದ್ದೂ ಬಾಗಿರುವ ಶಾಫ್ಟ್ ಅಲ್ಲಿ ಪಾಸಾಗಬಹುದು. ಪ್ರೊಜೆಕ್ಷನ್, ಅಂದರೆ ಶೀಟ್ ಮೇಲೆ ವ್ಯೂಗಳನ್ನು ಜೋಡಿಸುವ ಕ್ರಮದ ವಿಷಯದಲ್ಲೂ ಹಾಗೇ. ನಮ್ಮ ಬಿಐಎಸ್ ಪ್ರಕಾರ ಫಸ್ಟ್ ಆಂಗಲ್, ಅಮೆರಿಕದವರದು ಥರ್ಡ್ ಆಂಗಲ್. ಟೈಟಲ್ ಬ್ಲಾಕಿನ ಆ ಪುಟ್ಟ ಚಿಹ್ನೆ ನೋಡದೆ ಎಡದ ರಂಧ್ರವನ್ನು ಬಲಕ್ಕೆ ಹೊಡೆದ ಜಾಬ್‌ಗಳು ಸ್ಕ್ರ್ಯಾಪ್ ಡಬ್ಬದಲ್ಲಿ ಸಿಗುತ್ತವೆ.

ಸ್ವಲ್ಪ ಅನುಭವ ಆದ ಮೇಲೆ ಜಿಡಿ ಅಂಡ್ ಟಿ ಬಲ್ಲವರು ಅಂತ ಸರ್ಟಿಫಿಕೇಟ್ ಕೊಡುವ ಎಎಸ್‌ಎಂಇಯವರ ಜಿಡಿಟಿಪಿ ಪರೀಕ್ಷೆ ಬರೆಯಬಹುದು, ಟೆಕ್ನಾಲಜಿಸ್ಟ್ ಮತ್ತು ಸೀನಿಯರ್ ಅಂತ ಎರಡು ಹಂತ. ಹೊಸಬರಿಗೆ ಈಗಲೇ ಬೇಡ.

ಹಾಗಾದರೆ ಯಾರು ಎಲ್ಲಿಗೆ?

ಎಸ್ಸೆಸ್ಸೆಲ್ಸಿ ಮುಗಿಸಿ, ಕೈಕೆಲಸ ಇಷ್ಟ ಅನ್ನುವ ಹುಡುಗ ಹುಡುಗಿಗೆ ಜಿಟಿಟಿಸಿ. ಮಂಡ್ಯ, ಮದ್ದೂರು ಕಡೆಯವರು ದಿನಾ ಮೈಸೂರಿಗೆ ರೈಲು ಹಿಡಿಯುವ ಮೊದಲು ಮದ್ದೂರಿನ ಕೇಂದ್ರದಲ್ಲಿ ಯಾವ ಕೋರ್ಸ್ ಇದೆ ಅಂತ ವಿಚಾರಿಸಿ.

ಬಿಇ ಮುಗಿಸಿ ಮನೆಯಲ್ಲಿ ಕೂತಿರುವವರು ಇನ್ನೊಂದು ಸಾಫ್ಟ್‌ವೇರ್ ಕೋರ್ಸಿಗೆ ದುಡ್ಡು ಸುರಿಯಬೇಡಿ. ಬೆಳಗ್ಗೆ ಸಣ್ಣ ಶೆಡ್ ಅಥವಾ ಅಪ್ರೆಂಟಿಸ್, ರಾತ್ರಿ ಎನ್‌ಪಿಟೆಲ್ ಮತ್ತು ಫ್ರೀಕ್ಯಾಡ್. ಒಂದು ವರ್ಷ ಹೀಗೆ ಕಳೆದರೆ ಇಂಟರ್‌ವ್ಯೂನಲ್ಲಿ ತೋರಿಸೋಕೆ ನಿಜವಾಗಿ ತಯಾರಾದ ಪಾರ್ಟುಗಳ ಡ್ರಾಯಿಂಗ್ ನಿಮ್ಮ ಹತ್ತಿರ ಇರುತ್ತೆ. ಕಂಪನಿಯ ಡ್ರಾಯಿಂಗ್ ಹೊರಗೆ ತರಬೇಡಿ, ನಿಮ್ಮ ಗುಜರಿ ಪಂಪಿನದ್ದನ್ನು ತೋರಿಸಿ.

ಕಂಪನಿಯಲ್ಲಿ ಆಗಲೇ ಕ್ಯಾಡ್ ಕೆಲಸ ಮಾಡುತ್ತಿರುವವರಿಗೆ ಬೇಕಾದ್ದು ಜಿಡಿ ಅಂಡ್ ಟಿ, ಮತ್ತು ದಿನಕ್ಕೆ ಅರ್ಧ ಗಂಟೆ ಶಾಪ್ ಫ್ಲೋರ್. ಎರಡನೆಯದಕ್ಕೆ ಫೀಸಿಲ್ಲ. ಮ್ಯಾನೇಜರ್ ಹತ್ತಿರ ಒಂದು ಮಾತು ಕೇಳಿಕೊಂಡರೆ ಆಯಿತು.

ಇನ್ನು ಕೊನೆಯವರು, ವರ್ಷಗಟ್ಟಲೆ ಲೇತ್, ಮಿಲ್ಲಿಂಗ್ ಮೇಲೆ ದುಡಿದು ಈಗ ಡಿಸೈನ್ ಕಡೆ ಬರಬೇಕು ಅನ್ನುವವರು. ಖಾಸಗಿ ಕ್ಯಾಡ್ ಸೆಂಟರನ್ನು ನಾನು ಕಣ್ಣು ಮುಚ್ಚಿ ಶಿಫಾರಸು ಮಾಡುವುದು ಇವರೊಬ್ಬರಿಗೇ. ಎಲ್ಲಿ ಹಿಡಿಯಬೇಕು, ಯಾವ ಟೂಲ್ ಹೋಗುತ್ತೆ, ಎಲ್ಲಿ ಖರ್ಚಾಗುತ್ತೆ ಅನ್ನೋದೆಲ್ಲ ಇವರಿಗೆ ಗೊತ್ತು. ಕಮಾಂಡ್ ಮಾತ್ರ ಗೊತ್ತಿಲ್ಲ, ಅದು ಸಂಜೆ ಬ್ಯಾಚಿನಲ್ಲಿ ಮೂರ್ನಾಲ್ಕು ತಿಂಗಳ ಮಾತು. ಪುಸ್ತಕದ ಅಭ್ಯಾಸ ಬಿಟ್ಟು, ದಿನಾ ಕೈಯಲ್ಲಿ ಓಡಾಡುವ ಪಾರ್ಟುಗಳನ್ನೇ ಮಾಡೆಲ್ ಮಾಡ್ತೀನಿ ಅಂತ ಸೇರುವಾಗಲೇ ಹೇಳಿ. ಬ್ಯಾಚಿನಲ್ಲಿ ವಯಸ್ಸಿನಲ್ಲಿ ದೊಡ್ಡವರು ನೀವೇ ಆಗಿರಬಹುದು. ಡ್ರಾಯಿಂಗ್ ಶೀಟಿನ ಕ್ಲಾಸ್ ಬಂದಾಗ ಪಕ್ಕದ ಹುಡುಗರು ನಿಮ್ಮ ಟೇಬಲ್ ಹತ್ತಿರವೇ ಬಂದು ಕೇಳುತ್ತಾರೆ.